ಬಿಳಿ ಅಂಗಿಯ ಮೇಲೆ ನೂರನೆಯ ಹಕ್ಕಿ

ಲಾಂಡ್ರಿಯವನ ಪಾಲಿಗೆ ಜಗತ್ತೆಂದರೆ ಕಲೆಗಳ ರಾಶಿ. ಇಪ್ಪತ್ತಾರು ವರ್ಷಗಳಿಂದ ಊರಿನ ಬೆವರು, ಜಿಡ್ಡು, ಮಸಿ, ಮಕ್ಕಳ ವಾಂತಿ ಎಲ್ಲವೂ ಅವನ ಮೂಗಿನಡಿಯೇ ಹಾದುಹೋಗಿದ್ದವು. ಬಟ್ಟೆ ಕೈಗೆ ಬಂದ ಕೂಡಲೇ ಮೂಸುವುದು, "ಮೀನಿನ ಅಡುಗೆಮನೆ", "ಗ್ಯಾರೇಜು" ಎಂದು ಚೀಟಿ ಬರೆದು ಸಿಕ್ಕಿಸುವುದು ಅವನ ಕ್ರಮ. ಇಂಥ ಶೂರ ಭಾನುವಾರ ಮಾತ್ರ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಏನನ್ನೂ ಮುಟ್ಟದೆ, ಕುರ್ಚಿಯಲ್ಲಿ ವಿರಾಜಮಾನನಾಗುತ್ತಿದ್ದ.

ಆ ಭಾನುವಾರ ಅವನನ್ನು ಸಿಂಹಾಸನದಿಂದ ಕೆಳಗಿಳಿಸಿದವಳು ಹೆಂಡತಿ. ಹಕ್ಕಿ ನೋಡುವವರ ಸಂಘದ ಪುಸ್ತಕದಲ್ಲಿ ಆಕೆಯ ಹೆಸರಿನಡಿ ತೊಂಬತ್ತೊಂಬತ್ತು ಹಕ್ಕಿಗಳಿದ್ದವು. ಎರಡು ವರ್ಷವಾದರೂ ನೂರನೆಯದು ಸೇರಿರಲಿಲ್ಲ.

"ಇಬ್ಬರು ನೋಡಿದ್ರೆ ಮಾತ್ರ ಬರ್ಕೋತಾರೆ. ನಂಗೆ ಕಂಡಾಗ ಪಕ್ಕದಲ್ಲಿ ಒಂದು ನರಪಿಳ್ಳೆ ಇರಲ್ಲ. ಇವತ್ತೊಂದಿನ ಬನ್ನಿ. ನೂರು ಆಗ್ಬಿಟ್ರೆ ಇನ್ಯಾವತ್ತೂ ಕರೆಯಲ್ಲ, ಆಣೆ!"

ಇನ್ನು ಮುಂದಿನ ಎಲ್ಲ ಭಾನುವಾರಗಳಿಗಾಗಿ ಒಂದನ್ನು ಬಲಿ ಕೊಡಲು ಅವನು ಒಪ್ಪಿದ.

ಎರಡು ಗಂಟೆಯ ಗುಡ್ಡದ ಹಾದಿ. ಏರು ಅಂಥದ್ದೇನಿರಲಿಲ್ಲ, ಹೊಲಸು ಮಾತ್ರ ಮಿತಿಮೀರಿತ್ತು. ಮೊದಲ ತಿರುವಿನಲ್ಲೇ ಸಗಣಿ. ಎರಡನೆಯದರಲ್ಲಿ ಜೇಡರ ಬಲೆ, ಅದೂ ಬಾಯಿಗೆ. ಸಂಘದ ಯಜಮಾನರನ್ನು ಅವರ ಟೋಪಿಯ ದೆಸೆಯಿಂದ ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಅವರು ಕೀವು ಸುರಿಸುತ್ತಿದ್ದ ಅಣಬೆಯೊಂದನ್ನು ಬೆರಳಿನಿಂದ ತಿವಿದು, ಅದೇ ಬೆರಳಿನಿಂದ ಬಾಳೆಹಣ್ಣು ಸುಲಿದು ಅವನಿಗೆ ನೀಡಿದರು.

"ಬೇಡ ಸಾರ್, ಹೊಟ್ಟೆ ತುಂಬಿದೆ," ಎಂದು ಲಾಂಡ್ರಿಯವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ತುದಿ ತಲುಪಿದಾಗ ಎಲ್ಲರೂ ಕಣಿವೆ ನೋಡಿ ಆಹಾ ಎಂದರು. ಅವನಿಗೆ ಕಂಡದ್ದು ಯಾರೋ ಹಿಂಡದೆ ಬಿಸಾಡಿದ ಹಸಿರು ಹೊದಿಕೆ. ತಳದಲ್ಲಿ ಹರಿಯುತ್ತಿದ್ದ ಹೊಳೆ ಸಾಬೂನಿನ ಗೆರೆಯಂತಿತ್ತು. ಜನ ಮುಂದೆ ಸಾಗಿದರು. ಅವನು ಬಾಗಿ, ಕಡ್ಡಿಯಿಂದ ಚಪ್ಪಲಿಯ ಸಗಣಿ ಕೆರೆಯತೊಡಗಿದ.

"ರೀ! ಮೇಲೆ! ಮೀನುಡೇಗೆ!"

ತಲೆ ಎತ್ತುವಷ್ಟರಲ್ಲಿ ಪಚಕ್ಕೆಂದಿತು. ಬಲಭುಜದಿಂದ ಎದೆಯವರೆಗೆ ಏನೋ ಬೆಚ್ಚಗೆ ಇಳಿಯಿತು. ಹಕ್ಕಿ ಬಂಡೆಯಾಚೆ ಮರೆಯಾಯಿತು.

ಕ್ಯಾಪ್ಟನ್ ಓಡಿ ಬಂದರು. "ಮೀನುಡೇಗೆಯಾ? ಮೀನು ಹಿಡಿಯೋ ಆ ಗಿಡುಗನ್ನ ಈ ಗುಡ್ಡದಲ್ಲಿ ಯಾರೂ ಕಂಡಿಲ್ಲ ತಾಯಿ. ಕಾಗೆ ಇರ್ಬೇಕು. ನೀವು ನೋಡಿದ್ರಾ ಸಾರ್?"

ಹೆಂಡತಿ ಕಣ್ಣಲ್ಲೇ ಬೇಡಿಕೊಂಡಳು. ಹೂಂ ಎಂದುಬಿಟ್ಟರೆ ಮುಗಿದಿತ್ತು. ಆದರೆ ಲಾಂಡ್ರಿಯವನು ಹೋಗದ ಕಲೆಯನ್ನು ಹೋಗುತ್ತದೆಂದು ಒಬ್ಬ ಗಿರಾಕಿಗೂ ಹೇಳಿದವನಲ್ಲ.

"ಹಕ್ಕಿ ನೋಡ್ಲಿಲ್ಲ," ಎಂದ. ಆಕೆಯ ಮುಖ ಬಾಡಿತು. ಅವನ ಕೈ ಕರವಸ್ತ್ರಕ್ಕಾಗಿ ಜೇಬಿನತ್ತ ಧಾವಿಸಿತು; ಅರ್ಧದಲ್ಲೇ ನಿಂತಿತು. ಒರೆಸಿಬಿಟ್ಟರೆ ಉಳಿಯುವುದೇನು? ಮೈಯ ರೋಮವೆಲ್ಲ ಬೇಡ ಬೇಡವೆಂದು ನಿಮಿರಿ ನಿಂತರೂ, ರಣರಂಗಕ್ಕೆ ಇಳಿಯುವವನಂತೆ ಉಸಿರು ಬಿಗಿಹಿಡಿದು, ಕತ್ತು ತಿರುಗಿಸಿ, ತನ್ನ ಭುಜವನ್ನು ತಾನೇ ಮೂಸಿದ. ಕಣ್ಣಲ್ಲಿ ನೀರು ಬಂತು.

"ಬರೀ ಮೀನು," ಎಂದ ಓಕರಿಕೆ ನುಂಗಿ. "ಕಾಳಿಲ್ಲ, ಹಣ್ಣಿನ ಬೀಜ ಇಲ್ಲ, ಕಸ ಇಲ್ಲ. ಕಾಗೆ ಅಂತೀರಾ? ನನ್ನ ಅಂಗಡಿ ತಂತಿ ಮೇಲೆ ದಿನಾ ಕೂರ್ತಾವೆ. ಇಪ್ಪತ್ತಾರು ವರ್ಷದಿಂದ ಅವುಗಳದ್ದೇ ಒಗೀತಿದೀನಿ. ಕಾಗೆ ಊರೆಲ್ಲ ಮೇದು ಬಂದಿರುತ್ತೆ, ಹತ್ತು ಬಣ್ಣ ಇರುತ್ತೆ. ಒಂದು ಸಲಕ್ಕೆ ಇಷ್ಟೊಂದು, ಅದೂ ಸುಣ್ಣ ಹೊಡೆದ ಹಾಗೆ ಬೆಳ್ಳಗೆ? ಇದು ಹೊಳೆಗೆ ಇಳಿದು ಮೀನು ಬಿಟ್ಟು ಬೇರೇನೂ ಮುಟ್ಟದ ದೊಡ್ಡ ಹಕ್ಕೀದು. ಬೇಕಾದ್ರೆ ನೀವೇ ಮೂಸಿ."

ಕ್ಯಾಪ್ಟನ್ ಬಗ್ಗಿದರು, ಮೂಸಿದರು, ಎರಡು ಹೆಜ್ಜೆ ಹಿಂದೆ ಹಾರಿದರು. ಪುಸ್ತಕ ತೆರೆದರು. ಎರಡನೆಯ ಸಾಕ್ಷಿ ಎಂಬಲ್ಲಿ "ಅಂಗಿ" ಎಂದು ಬರೆದರು.

ಹೆಂಡತಿ ಸಂತೋಷಕ್ಕೆ ತಬ್ಬಿಕೊಳ್ಳಲು ಬಂದವಳು ವಾಸನೆಗೆ ಹಿಂಜರಿದು ಎಡಗೈ ಮಾತ್ರ ಹಿಡಿದುಕೊಂಡಳು. ಇಳಿಯುವಾಗ ಎಲ್ಲರೂ ಆ ಭುಜದ ಫೋಟೋ ತೆಗೆದರು. ನೊಣಗಳ ಪರಿವಾರದೊಡನೆ ವೀರ ಮನೆ ಸೇರಿದ. ಇನ್ನು ಎಲ್ಲ ಭಾನುವಾರಗಳೂ ತನ್ನವು ಎಂಬ ಒಂದೇ ಸಮಾಧಾನ.

ಹೆಂಡತಿ ಆಣೆ ಮುರಿಯಲಿಲ್ಲ, ಕರೆಯಲೇ ಇಲ್ಲ. ಆದರೆ ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಕ್ಯಾಪ್ಟನ್. ಅವರ ಹಿಂದೆ ಸಂಘದ ನಾಲ್ವರು. ಪ್ರತಿಯೊಬ್ಬರ ಕೈಯಲ್ಲೂ ಎಲೆಯಲ್ಲಿ ಸುತ್ತಿದ ಒಂದೊಂದು ಪೊಟ್ಟಣ, ಒಂದೆರಡು ಇನ್ನೂ ಒದ್ದೆ.

"ಸ್ವಲ್ಪ ಮೂಸಿ, ಯಾವ ಹಕ್ಕಿ ಅಂತ ಹೇಳ್ಬಿಡಿ ಸಾರ್."

ಲಾಂಡ್ರಿಯವನು ಪೊಟ್ಟಣಗಳನ್ನು ನೋಡಿದ. ಬಟ್ಟೆ ಎಣಿಸುವಂತೆ ಒಂದೊಂದನ್ನೂ ಎಣಿಸಿಕೊಂಡು, ಐದು ಚೀಟಿ ಹರಿದು ಕೈಗೆ ಕೊಟ್ಟ.

"ಗುರುವಾರ ಬನ್ನಿ."