ಅರವತ್ತು ನಿಮಿಷದ ಕ್ಯಾಸೆಟ್ಟಿನ ಕೊನೆ

ಸಂಗೀತದ ವಿಷಯದಲ್ಲಿ ನಾನು ಜಂಬದವಳು. ಪಶ್ಚಿಮದ ದೊಡ್ಡ ವಾದ್ಯವೃಂದಗಳ, ನೂರಾರು ಕೊರಳು ಒಟ್ಟಿಗೆ ಹಾಡುವ ಗಾಯನವೃಂದಗಳ ಯಾವ ಧ್ವನಿಮುದ್ರಣ ಕೇಳಬೇಕು, ಯಾವುದು ಬೇಡ ಎಂದು ಕೇಳದವರಿಗೂ ಹೇಳಿದ್ದೇನೆ. ವಿಜಯಪುರದಲ್ಲಿ ನನ್ನನ್ನು ಕಂಡೊಡನೆ ಬೇರೆ ಓಣಿ ಹಿಡಿದವರು ಕಡಿಮೆಯಿಲ್ಲ. ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಯಾವಾಗಲೂ ಒಂದಕ್ಕೇ. ಕಾಲೇಜಿನ ದಿನಗಳಲ್ಲಿ ನಾನೂ ಅಕ್ಕನೂ ನಮ್ಮ ಸರ್ ಒಬ್ಬರಿಂದ ಒಂದು ದಿನದ ಮಟ್ಟಿಗೆ ಕೇಳಿ ತಂದ ಗ್ರಾಮಫೋನ್ ಪ್ಲೇಟು ಅದು.

ಅದನ್ನು ಸೊಲ್ಲಾಪುರ ರಸ್ತೆಯ ರೆಕಾರ್ಡಿಂಗ್ ಅಂಗಡಿಗೆ ಒಯ್ದು ಕ್ಯಾಸೆಟ್ಟಿಗೆ ತುಂಬಿಸಿಕೊಂಡೆವು. "ಅರವತ್ತ ನಿಮಿಷದ್ದ ಐತ್ರಿ, ಸಾಕಾಗ್ತೈತಿ ತಗೋರಿ" ಎಂದ ಅಂಗಡಿಯವ. ಕ್ಯಾಸೆಟ್ಟು ಮುಗಿಯುತ್ತ ಬಂದರೆ ಹಾಡು ತಟ್ಟನೆ ಕಡಿಯಬಾರದೆಂದು ಅವನು ಗುಂಡಿ ತಿರುಗಿಸಿ ದನಿಯನ್ನು ಮೆಲ್ಲಗೆ ಇಳಿಸುತ್ತಿದ್ದ. ಸಿನಿಮಾ ಹಾಡುಗಳಿಗೆಲ್ಲ ಅವನದು ಅದೇ ಪದ್ಧತಿ. ಇದಕ್ಕೂ ಹಾಗೇ ಮಾಡಿದ. ಹೊರಗೆ ಚಹಾ ಕುಡಿಯುತ್ತಿದ್ದ ನಮಗೆ ಅದು ಗೊತ್ತಾಗಲಿಲ್ಲ.

ಹೀಗಾಗಿ ನಮ್ಮ ಕ್ಯಾಸೆಟ್ಟಿನಲ್ಲಿ ಗಾಯನವೃಂದ ಹಾಡುತ್ತ ಹಾಡುತ್ತ ದೂರ ಹೋಗಿ ಮರೆಯಾಗುತ್ತಿತ್ತು. ಆ ಕೊನೆ ಎಂದರೆ ನಮಗೆ ಪ್ರಾಣ. "ಹೊಲದಾಗಿಂದ ಹೆಣ್ಮಕ್ಕಳು ಹಾಡ್ಕೋತ ಮನಿಗೆ ಹೊಂಟಂಗ ಐತಿ ನೋಡ" ಎನ್ನುತ್ತಿದ್ದಳು ಅಕ್ಕ. ಮುಂದೆ ಅವಳನ್ನು ತಿಕೋಟಾಕ್ಕೆ ಕೊಟ್ಟರು, ಕ್ಯಾಸೆಟ್ಟು ಅವಳ ಜೊತೆಗೇ ಹೋಯಿತು. ನಾನು ಆ ಕೊನೆಯನ್ನು ಊರೆಲ್ಲ ಹೊಗಳುತ್ತ ತಿರುಗಿದೆ.

ಹೋದ ತಿಂಗಳು ಅದೇ ಧ್ವನಿಮುದ್ರಣ ಮೊಬೈಲಿನಲ್ಲಿ ಪೂರ್ತಿ ಸಿಕ್ಕಿತು. ಯಾರೂ ದೂರ ಹೋಗುವುದಿಲ್ಲ. ನಮ್ಮ ಕ್ಯಾಸೆಟ್ಟು ಮುಗಿದ ಮೇಲೆ ಇನ್ನೂ ನಾಲ್ಕು ನಿಮಿಷ ಇದೆ. ನಗಾರಿ, ತುತ್ತೂರಿ, ಎಲ್ಲ ಕೊರಳೂ ಒಂದಾಗಿ ಮೇಲೇರುತ್ತವೆ. ಮೊದಲು ನಕ್ಕೆ. ಆಮೇಲೆ ಅಂಗಡಿಯವನ ಮೇಲೆ ಸಿಟ್ಟು ನೆತ್ತಿಗೇರಿತು. ಮರುದಿನವೇ ತಿಕೋಟಾ ಬಸ್ಸು ಹತ್ತಿದೆ.

ತಡವಾಗಿತ್ತು. ಅಕ್ಕನ ಕಿವಿ ಎರಡು ವರ್ಷದಿಂದ ಮಂದವಾಗುತ್ತ ಬಂದು ಪೂರಾ ಹೋಗಿತ್ತು. ಯಂತ್ರ ಹಾಕಿದರೂ ಉಪಯೋಗವಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಗೊತ್ತಿದ್ದೂ, ಯಾವ ಹಾಡೆಂದು ಪರದೆ ತೋರಿಸಿ, ಅವಳ ಕಿವಿಗೆ ಹೆಡ್‌ಫೋನ್ ಇಟ್ಟು ಕೊನೆಯ ಭಾಗ ಹಚ್ಚಿದೆ. ದನಿ ಪೂರಾ ಏರಿಸಿದೆ. ಅಕ್ಕ ಕಣ್ಣು ಮುಚ್ಚಿದಳು. ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿದವು. ಸ್ವಲ್ಪ ಹೊತ್ತಿಗೆ ತಾಳ ಸಣ್ಣದಾಗುತ್ತ ನಿಂತಿತು. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಎಷ್ಟ ಚಂದ ದೂರ ಹೋದ್ರು ನೋಡ" ಎಂದಳು.

ಹಾಡು ಅವಳ ಮಡಿಲಲ್ಲಿ ಇನ್ನೂ ನಡೆದೇ ಇತ್ತು. ಅವಳಿಗೆ ಒಂದು ಸ್ವರವೂ ಕೇಳಿರಲಿಲ್ಲ, ಎಲ್ಲ ನೆನಪಿನಿಂದಲೇ.

ನಾನು ಸುಮ್ಮನಿರಬೇಕಿತ್ತು. ಜಂಬ ಬಿಡಲಿಲ್ಲ. ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಬರೆದೆ: ಅದು ಕೊನೆಯಲ್ಲ, ಅಂಗಡಿಯವನು ಕಡಿದಿದ್ದ, ಹಾಡು ಇನ್ನೂ ಇದೆ. ಅಕ್ಕ ಎರಡು ಸಲ ಓದಿದಳು.

"ಹೌದಾ? ಹಂಗಾದ್ರ ಹೆಂಗ ಮುಗೀತೈತಿ ಬೇ?"

ಊರಿಗೆಲ್ಲ ಬಾಯಿತುಂಬ ವರ್ಣಿಸಿದವಳು ಪೆನ್ನು ಹಿಡಿದು ಕುಳಿತೆ. ಕೊನೆಗೆ "ಜೋರಾಗಿ" ಎಂದು ಬರೆದೆ. ಅಕ್ಕ ಅದನ್ನೋದಿ, ನನ್ನ ಮುಖ ನೋಡಿ, ತಲೆಯಾಡಿಸಿದಳು. ಅವಳ ಹತ್ತಿರ ಇದ್ದ ಕೊನೆಯನ್ನು ನಾನು ಕೆಡಿಸಿದ್ದೆ. ಬದಲಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.