ಕಂಬಳಿಯವರೆಗೆ ಬಂದ ಸಮುದ್ರ

ಅಂಡಮಾನಿನ ಈ ಪುಟ್ಟ ದ್ವೀಪದ ಲೈಟ್‌ಹೌಸಿನಲ್ಲಿ ಚಿಕ್ಕಪ್ಪನಿಗೆ ಕೆಲಸ. ಅವನನ್ನು ನೋಡಬೇಕೆಂದ ಅಜ್ಜ-ಅಜ್ಜಿಯನ್ನು ಚಳ್ಳಕೆರೆಯಿಂದ ಇಲ್ಲಿಯವರೆಗೆ ಕರೆತಂದಿದ್ದೇನೆ. ಇವತ್ತು ಚಿಕ್ಕಪ್ಪನಿಗೆ ರಜೆ. ಬುತ್ತಿ ಕಟ್ಟಿಕೊಂಡು ಎಲ್ಲರೂ ಕಡಲದಂಡೆಗೆ ಬಂದೆವು. ನೀರು ಇಳಿದುಹೋಗಿದ್ದ ತಂಪು ಮರಳನ್ನೇ ಆರಿಸಿ ಅಜ್ಜ ತನ್ನ ಕುರಿಗಳ ಉಣ್ಣೆಯ ಕಂಬಳಿ ಹಾಸಿದ. ಊಟಕ್ಕೆ ಹಾಸಿದ ಕಂಬಳಿಯನ್ನು ಉಣ್ಣದೆ ಎತ್ತಬಾರದು ಎನ್ನುವುದು ನಮ್ಮ ಮನೆಯ ಕಟ್ಟಳೆ.

"ಅಪ್ಪಾ, ಇಲ್ಲಿಗೆ ನೀರು ಬರ್ತೈತೆ. ಮ್ಯಾಲಕ್ಕೆ ಹೋಗಾಣ ಬಾ," ಎಂದ ಚಿಕ್ಕಪ್ಪ.

"ಮಳೆನೇ ಇಲ್ಲ. ಇಳಿದ ನೀರು ಹೆಂಗಲೇ ಏರ್ತೈತೆ?"

ಇಂಥದಕ್ಕೆಲ್ಲ ನಾನಿದ್ದೇನಲ್ಲ! ಚರ್ಚಾಸ್ಪರ್ಧೆಯ ದನಿ ತೆಗೆದು, ಸಮುದ್ರವನ್ನು ಚಂದ್ರ ಎಳೆಯುತ್ತಾನೆಂದು ವಿವರಿಸಿದೆ.

"ಚಂದ್ರ ನಮ್ಮೂರಾಗೂ ಅದಾನಲ್ಲ? ನಮ್ಮ ಕೆರೆ ನೀರು ಯಾಕೆ ಎಳೆಯಲ್ಲ ಅವನು?"

ಕೆರೆ ಚಿಕ್ಕದು ಎನ್ನಲು ಬಾಯಿ ತೆರೆದೆ. ಚಿಕ್ಕದನ್ನು ಎಳೆಯುವುದು ಇನ್ನೂ ಸುಲಭವಲ್ಲವೇ? ಅಷ್ಟರಲ್ಲಿ ಕಂಬಳಿಯ ಅಂಚು ನೆನೆಯಿತು. ಅಜ್ಜ ನೀರನ್ನು ನೋಡಿದ, ಕಂಬಳಿಯನ್ನು ನೋಡಿದ, ಆದರೆ ಏಳಲಿಲ್ಲ.

ಅಜ್ಜಿ ಬುತ್ತಿ ಬಿಚ್ಚಿ ರೊಟ್ಟಿ ಮುರಿದಳು. "ನಿಮ್ಮ ನ್ಯಾಯ ಆಮ್ಯಾಲೆ. ಒಂದೊಂದು ತುತ್ತು ಉಂಡುಬಿಡ್ರಿ. ಉಂಡ ಮ್ಯಾಲೆ ಎತ್ತಬೌದಲ್ಲ?"

ನಾಲ್ವರೂ ನೆನೆದ ಕಂಬಳಿಯ ಮೇಲೆ ಕೂತು ತುತ್ತು ನುಂಗಿದೆವು. ಆಮೇಲೆ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು, ಬುತ್ತಿ ಸಮೇತ ಕಂಬಳಿ ಎತ್ತಿಕೊಂಡು ಮೇಲಕ್ಕೆ ಓಡಿದೆವು. ಓಡುತ್ತಲೇ ಅಜ್ಜ ನನ್ನ ಕಡೆ ತಿರುಗಿದ.

"ಸಮುದ್ರ ಏರಿದ್ದು ಸರಿ. ನಮ್ಮ ಕೆರೆ ಯಾಕೆ ಏರಲ್ಲ ಅಂತ ಹೇಳ್ಲಿಲ್ವಲ್ಲ ನೀನು?"