ಜಾಲಿ ಅಂಟು ತಿಂದ ಮೇಕೆ

“ಅಯ್ಯೋ, ತಿಂದೇಬಿಡ್ತಲ್ಲಪ್ಪ!” ಎಂಬ ಕೂಗಿಗೆ ತಿರುಗಿ ನೋಡಿದೆ. ನಮ್ಮೂರು ನನ್ನಿವಾಳದ ಹತ್ತಿರದ ಸಣ್ಣ ಹಳ್ಳದಲ್ಲಿ ನೀರೆಷ್ಟಿದೆಯೆಂದು ನಾನು ಪ್ರತಿ ಭಾನುವಾರ ಕೋಲಿನಿಂದ ಅಳೆದು, ದಿನಾಂಕ ಹಾಕಿ ಬರೆದಿಡುತ್ತೇನೆ. ಆ ದಿನ ದಡದ ಜಾಲಿ ಮರಗಳಿಂದ ಅಂಟು ಬಿಡಿಸುತ್ತಿದ್ದ ಮೇಕೆ ಕಾಯುವ ಹೆಂಗಸೊಬ್ಬರು, ಅಂಟಿನ ಗಂಟನ್ನು ಮರಳ ಮೇಲಿಟ್ಟು ನೀರು ಕುಡಿಯಲು ಬಗ್ಗಿದ್ದರು. ಅಷ್ಟರಲ್ಲಿ ಅವರದೇ ಮೇಕೆ ಗಂಟಿಗೆ ಬಾಯಿ ಹಾಕಿ ಎಲ್ಲವನ್ನೂ ಮುಗಿಸಿತ್ತು.

“ನನ್ ಮಗಳು ಹಡೆದಾಳೆ ಕಣೇ, ಅಂಟಿನುಂಡೆ ಕಟ್ಟೋದೈತೆ. ಬೆಳಗ್ಗಿಂದ ಮುಳ್ಳು ಚುಚ್ಚಿಸ್ಕೊಂಡಿದ್ದು ನಿನ್ ಹೊಟ್ಟೆಗಾ?” ಎಂದು ಅವರು ಕೋಲೆತ್ತಿದರು. ಆಗ ಪುಟ್ಟ ಮರಿಯೊಂದು ಓಡಿಬಂದು ಆ ಮೇಕೆಯ ಕೆಚ್ಚಲಿಗೆ ಬಾಯಿಟ್ಟಿತು. ಎತ್ತಿದ ಕೋಲು ಮೆಲ್ಲಗೆ ಕೆಳಗಿಳಿಯಿತು.

“ಹೋಗ್ಲಿ ಬಿಡು. ನೀನೂ ಬಾಣಂತಿನೇ ಅಲ್ವಾ” ಎಂದು ಅದರ ಬೆನ್ನು ಸವರಿ, ನನ್ನತ್ತ ತಿರುಗಿದರು. “ನೀರು ಅಳೆದಿದ್ದು ಸಾಕು ಬಾರಪ್ಪ, ನಿನ್ ಕಣ್ಣು ಚುರುಕಾಗೈತೆ.”

ಇಬ್ಬರೂ ಹಳ್ಳದುದ್ದಕ್ಕೂ ಮರ ಮರ ಹುಡುಕಿದೆವು. ಹೊತ್ತಿಳಿಯುವಷ್ಟರಲ್ಲಿ ಉಂಡೆಗೆ ಸಾಕಾಗುವಷ್ಟು ಅಂಟು ಅವರ ಸೆರಗಿನಲ್ಲಿತ್ತು.

ಈಗ ಆ ದಾರಿಯಲ್ಲಿ ಜಾಲಿಯ ಕಾಂಡದ ಮೇಲೆ ಅಂಟು ಹೊಳೆದರೆ, ಯಾವ ಮನೆಯ ಬಾಣಂತಿಗೋ ಎಂದುಕೊಂಡು ಮುಟ್ಟದೆ ಮುಂದೆ ಹೋಗುತ್ತೇನೆ.